ಹುತ್ರಿದುರ್ಗದಲ್ಲಿ ತಿರುಗಿದ ಚಾಪೆಗಳು

ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿ ಉಳಿದಿರಬಹುದು. ಟಾರ್ಚ್ ನಸೀಮಾಳದೋ ಪ್ರಭಾಳದೋ ಎಂದು ಕೇಳಿದರೆ ಈಗ ಹೇಳಲಾರೆ. ಡೈರಿ ಬರೆಯುವ ಅಭ್ಯಾಸ ನನಗೆ ಆಗಲೂ ಇತ್ತು, ಆದರೆ ಆ ಭಾನುವಾರದ ಪುಟದಲ್ಲಿ ಇರುವುದು "ಹುತ್ರಿದುರ್ಗ. ನಿದ್ದೆಯಿಲ್ಲ" ಎಂಬಷ್ಟೇ ಮಾತು. ಉಳಿದದ್ದನ್ನೆಲ್ಲ ತಲೆಯೊಳಗೆ ಇಟ್ಟುಕೊಂಡೇ ಇಷ್ಟು ವರ್ಷ ಕಳೆದಿದ್ದೇನೆ, ಮತ್ತು ತಲೆಯೊಳಗೆ ಇಟ್ಟದ್ದು ಇಟ್ಟ ಹಾಗೇ ಇರುವುದಿಲ್ಲ.

ಆದರೂ ಇದು ನಡೆದದ್ದು ನಿಜ. ಅಂಗೈಗೆ ಹತ್ತಿದ ಎಣ್ಣೆಯ ಜಿಡ್ಡು ಕನಸಿನದಲ್ಲ.

ಎಪ್ಪತ್ತರ ದಶಕದ ಕೊನೆಯ ಆ ಬೇಸಿಗೆಗಳಲ್ಲಿ ಶನಿವಾರ ಬಂತೆಂದರೆ ನಾವು ಮೂವರು ಗೆಳತಿಯರು ಯಾವುದಾದರೊಂದು ಬೆಟ್ಟ ಹತ್ತುತ್ತಿದ್ದೆವು. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ತುಮಕೂರಿನ ಒಂದು ಕಚೇರಿಗೆ ಸೇರಿದ್ದೆ. ಪ್ರಭಾ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದಳು. ನಸೀಮಾ ಉರ್ದು ಶಾಲೆಯ ಟೀಚರ್. ಶಿರಾ ಗೇಟ್ ಹತ್ತಿರ ಅವಳ ತಂದೆಯ ಹಾರ್ಡ್‌ವೇರ್ ಅಂಗಡಿ. ಬಸ್ಸು ಊರು ದಾಟಿದೊಡನೆ ಅವಳ ಬ್ಯಾಗಿನಿಂದ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳುಗಳ ಡಬ್ಬಿ ಹೊರಬರುತ್ತಿತ್ತು. ಅದರ ಮುಚ್ಚಳ ತೆಗೆದಾಗಲೇ ನಮ್ಮ ರಜೆ ಶುರುವಾದ ಹಾಗೆ.

ಆ ಸಲ ನಮ್ಮ ಜೊತೆ ಶೈಲಾ ಇದ್ದಳು. ಗುಬ್ಬಿಯ ನನ್ನ ಸೋದರತ್ತೆಯ ಮಗಳು. ಮುಂದಿನ ತಿಂಗಳೇ ಅವಳ ಮದುವೆ. ಅದಕ್ಕೆ ಮುಂಚೆ ಒಂದೇ ಒಂದು ಬೆಟ್ಟ ಹತ್ತಬೇಕೆಂದು ಹಟ ಹಿಡಿದಿದ್ದಳು. ಅತ್ತೆ ಬಾಗಿಲಲ್ಲಿ ನನ್ನ ಕೈ ಬಿಡದೆ ಹೇಳಿದ್ದಳು: "ನಿನ್ನ ನಂಬಿ ಕಳಿಸ್ತಿದ್ದೀನಿ ಕಣೇ. ಒಂದು ಗೀರು ಬಿದ್ರೂ ಬೀಗರಿಗೆ ನಾನೇನು ಹೇಳ್ಲಿ? ಹೆಂಗೆ ಕರ್ಕೊಂಡೋಗ್ತೀಯೋ ಹಂಗೇ ತಂದುಬಿಡು."

ಹುತ್ರಿದುರ್ಗದಲ್ಲಿ ಊರು ಇರುವುದೇ ಬೆಟ್ಟದ ಮಗ್ಗುಲಲ್ಲಿ. ಅಲ್ಲಿ ಪ್ರಭಾಳ ದೊಡ್ಡಮ್ಮನ ಮನೆ. ಕುಣಿಗಲ್‌ನಿಂದ ಕೊನೇ ಬಸ್ಸು ಹಿಡಿದು, ಕಾಲುದಾರಿ ಹತ್ತಿ ಮನೆ ಸೇರುವಾಗ ಕತ್ತಲಾಗಿತ್ತು. ಶೈಲಾ ಧೂಳೆಂದು ತಲೆಗೆ ನೀರು ಹಾಕಿಕೊಂಡಳು. ಮುದ್ದೆ, ಹುರುಳಿಕಾಳಿನ ಸಾರು ಉಂಡೆವು. ಮನೆಯೊಳಗೆ ಕಾವಲಿಯ ಮೇಲೆ ಕೂತಂಥ ಸೆಕೆ. ಕೋಟೆ ಬಾಗಿಲಿನಾಚೆ ಒಂದು ಕಲ್ಲುಮಂಟಪವಿದೆ, ಅಲ್ಲಿ ಮಲಗೋಣ ಎಂದಳು ಪ್ರಭಾ. ದೊಡ್ಡಮ್ಮ ಬೇಡ ಅನ್ನುತ್ತಾಳೆಂದು ಕಾದೆ. ಅನ್ನಲಿಲ್ಲ.

"ಹೋಗ್ರವ್ವ, ಏನಿಲ್ಲ ಬುಡಿ. ಗಾಳಿ ಚೆಂದಾಗಿ ಬತ್ತದೆ" ಎಂದು ಈಚಲು ಚಾಪೆ, ಹೊದಿಕೆಗಳನ್ನು ಸುತ್ತಿ ಕೊಟ್ಟಳು.

ಮಂಟಪಕ್ಕೆ ಹಿಂದೊಂದು ಗೋಡೆ, ಮುಂದೆ ಬರೀ ಕಂಬಗಳು. ಬಾವಲಿ ಹಿಕ್ಕೆಯ ಘಾಟು, ಬಿಸಿಲು ಕುಡಿದ ಬಂಡೆಯ ಕಾವು. ಎದುರಿಗೆ ಬಂಡೆ ಸ್ವಲ್ಪ ದೂರ ಚಪ್ಪಟೆಯಾಗಿದ್ದು ಆಮೇಲೆ ಒಮ್ಮೆಲೇ ಕೆಳಗಿಳಿಯುತ್ತಿತ್ತು. ಟಾರ್ಚ್ ಬಿಟ್ಟೆವು, ಬೆಳಕು ತಳ ಮುಟ್ಟಲಿಲ್ಲ. ಶೈಲಾ ನನ್ನ ಮತ್ತು ನಸೀಮಾಳ ನಡುವೆಯೇ ಮಲಗಬೇಕೆಂದು ಆಗಲೇ ಹೇಳಿಬಿಟ್ಟೆ.

ಚಾಪೆ ಹಾಸುವಾಗ ತಕರಾರು ಶುರುವಾಯಿತು.

"ತಲೆ ಉತ್ತರಕ್ಕೆ ಬೇಡ. ಹೆಣಾನ ಹಂಗೆ ಮಲಗಿಸೋದಂತೆ, ಅಮ್ಮ ಹೇಳಿ ಕಳಿಸಿದಾಳೆ" ಎಂದಳು ಶೈಲಾ.

"ನಂಗೆ ಕಾಲು ಪಶ್ಚಿಮಕ್ಕೆ ಬೇಡ. ಆ ಕಡೆ ಮಕ್ಕಾ" ಎಂದಳು ನಸೀಮಾ.

"ಹಂಗಾದ್ರೆ ಇಬ್ರೂ ನಿಂತ್ಕೊಂಡೇ ನಿದ್ದೆ ಮಾಡ್ರೇ" ಎಂದೆ ನಾನು.

"ಯಾಕೆ, ನಮ್ಮ ಭೂಗೋಳದ ಮೇಡಂ ಇದಾರಲ್ಲ." ನಸೀಮಾ ಟಾರ್ಚನ್ನು ಪ್ರಭಾಳ ಮುಖಕ್ಕೆ ಹಿಡಿದಳು. "ಹೇಳಮ್ಮ, ಪಶ್ಚಿಮ ಎಲ್ಲಿ?"

ಆಕಾಶಕ್ಕೆ ಮೋಡ ಕವಿದಿತ್ತು, ಚಂದ್ರನಿರಲಿಲ್ಲ. ಒಂದು ಮಗ್ಗುಲಿಗೆ ಬಂಡೆ ಅಡ್ಡ. ಇನ್ನೊಂದು ಮಗ್ಗುಲಲ್ಲಿ, ಬಹಳ ದೂರದಲ್ಲಿ, ಒಂದು ಊರಿನ ದೀಪಗಳು. ಪ್ರಭಾ ಅದರತ್ತ ಕೈ ಮಾಡಿದಳು.

"ಅದೇ ಕುಣಿಗಲ್ಲು. ಇಲ್ಲಿಂದ ಪಶ್ಚಿಮಕ್ಕೆ. ಅಂದ್ರೆ ಗೋಡೆ ದಕ್ಷಿಣಕ್ಕಿದೆ. ತಲೆ ಗೋಡೆ ಕಡೆ ಹಾಕ್ಕೊಳ್ಳಿ, ನಿಮ್ಮಿಬ್ರ ದೇವರಿಗೂ ಒಪ್ಪಿಗೆ."

ಬ್ಯಾಗುಗಳನ್ನು ಗೋಡೆಗೊತ್ತಿ ದಿಂಬು ಮಾಡಿಕೊಂಡೆವು. ನನ್ನ ಬಲಕ್ಕೆ ಪ್ರಭಾ, ಎಡಕ್ಕೆ ಶೈಲಾ, ಅವಳಾಚೆ ನಸೀಮಾ. ಶೈಲಾಳ ಕೂದಲು ಇನ್ನೂ ಒದ್ದೆಯಿತ್ತು, ಬಿಚ್ಚಿಕೊಂಡೇ ಮಲಗಿದಳು.

"ಗಂಡನ ಮನೇಲಿ ಯಾವ ಕಡೆ ತಲೆ ಹಾಕ್ತೀಯೇ?" ಕತ್ತಲಲ್ಲಿ ನಸೀಮಾ ಕೇಳಿದಳು.

"ಅವರು ಹೇಳಿದ ಕಡೆ."

"ಈಗ್ಲೇ ‘ಅವರು’ ಅಂತೆ, ಕೇಳ್ರೇ."

ನಗುನಗುತ್ತಲೇ ನಿದ್ದೆ ಹತ್ತಿತು.

ಸರ್... ಸರ್...

ಆ ಸದ್ದಿಗೆ ಎಚ್ಚರವಾಯಿತು. ಕಲ್ಲಿನ ಮೇಲೆ ಚಾಪೆ ಎಳೆಯುವ ಸದ್ದು. ಸರಿಯುತ್ತಿರುವುದು ನನ್ನ ಚಾಪೆಯೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಎಳೆಯುತ್ತಿದ್ದವರಿಗೆ ಅವಸರವಿರಲಿಲ್ಲ. ಮಲಗಿದ ಮಗುವಿಗೆ ಎಚ್ಚರವಾಗದ ಹಾಗೆ ಸ್ವಲ್ಪ ಎಳೆದು, ನಿಲ್ಲಿಸಿ, ಮತ್ತೆ ಸ್ವಲ್ಪ... ನಡುವೆ, ಸೊಂಟ ನೋವಿರುವವರು ಬಿಡುವಂಥ ಒಂದು ಉಸಿರು. ಬಾವಲಿಯ ಘಾಟು ಎಲ್ಲಿ ಹೋಗಿತ್ತೋ. ಮೂಗಿನ ತುಂಬ ಬಿಸಿ ಮಾಡಿದ ಹರಳೆಣ್ಣೆಯ ವಾಸನೆ. ನಮ್ಮ ಯಾರ ಬ್ಯಾಗಿನಲ್ಲೂ ಹರಳೆಣ್ಣೆ ಇರಲಿಲ್ಲ.

ಪ್ರಭಾಳ ಕುಚೇಷ್ಟೆ ಎಂದುಕೊಂಡೆ. ಸಾಕು ಬಿಡೇ ಎನ್ನಲು ಬಾಯಿ ತೆರೆದೆ. ಆಗ ನನ್ನ ಬಲಕ್ಕೆ ಮಲಗಿದ್ದ ಪ್ರಭಾಳ ಗೊರಕೆ ಕೇಳಿಸಿತು... ನನ್ನ ಎಡಗಡೆಯಿಂದ.

ಕಣ್ಣು ಬಿಡಲಿಲ್ಲ. ಹೊದಿಕೆಯ ಅಂಚನ್ನು ಯಾರೋ ನನ್ನ ಪಾದದಡಿ ಒತ್ತಿ ಸಿಕ್ಕಿಸಿದರು. ಸದ್ದು ಪ್ರಭಾಳ ಚಾಪೆಯತ್ತ ಹೋಯಿತು. ನಾನು ಬಲಗೈ ಚಾಚಿದೆ. ಈಗ ಆ ಕಡೆ ಶೈಲಾ ಇರಬೇಕು.

ಚಾಪೆ ಖಾಲಿಯಿತ್ತು. ತಣ್ಣಗಿತ್ತು.

ಆಮೇಲೆ ಹೊರಗಿನಿಂದ, ಬಂಡೆಯ ಕಡೆಯಿಂದ, ಅವಳ ದನಿ. ಪಿಸುಮಾತು.

"ಹೂಂ... ಹೂಂ... ಅಷ್ಟೇನಾ?"

ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವಷ್ಟು ಹೊತ್ತು ಮೌನ. ಮತ್ತೆ ಅವಳೇ.

"ಆಯ್ತು. ಅಕ್ಕಂಗೆ ಹೇಳ್ತೀನಿ."

ಒಳಗೆ ಚಾಪೆ ಎಳೆಯುವ ಸದ್ದು, ಹೊರಗೆ ಶೈಲಾಳ ದನಿ, ಎರಡೂ ಒಟ್ಟಿಗೇ ಕೇಳಿಸಿದವೇ ಅಥವಾ ಒಂದು ನಿಂತ ಮೇಲೆ ಇನ್ನೊಂದೇ? ಇಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ಒಂದು ನಿಂತ ಮೇಲೆ ಇನ್ನೊಂದು ಎಂದಾದರೆ, ಎಳೆದವಳು ಶೈಲಾಳೇ ಎಂದು ಹೇಳಿ ಇದನ್ನು ಮುಗಿಸಬಹುದು. ಹಾಗೆ ಮುಗಿಸಲು ಎಷ್ಟೋ ಸಲ ನೋಡಿದ್ದೇನೆ.

ಕಣ್ಣು ಬಿಟ್ಟೆ. ಮೋಡದ ಕೆಳಗಿನಿಂದ ತುಂಡು ಚಂದ್ರ ಏಳುತ್ತಿದ್ದ. ಪ್ರಭಾ ಪಶ್ಚಿಮ ಎಂದಿದ್ದ ಕಡೆ, ಆ ದೀಪಗಳ ಮೇಲೆ. ಒಂದು ಕ್ಷಣ ಲೋಕವೇ ತಲೆಕೆಳಗಾದಂತಾಯಿತು. ಆಮೇಲೆ ಹೊಳೆಯಿತು: ಅದು ಕುಣಿಗಲ್ ಅಲ್ಲ, ಮಾಗಡಿ. ಅದು ಪೂರ್ವ. ನಾವು ತಲೆ ಹಾಕಿದ್ದು ಉತ್ತರಕ್ಕೆ... ಯಾರೋ ಚಾಪೆ ತಿರುಗಿಸಿ ಅದನ್ನು ಸರಿಮಾಡುತ್ತಿದ್ದರು.

ಆ ಬೆಳಕಿನಲ್ಲಿ ಶೈಲಾ ಕಂಡಳು. ಬಂಡೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಕೂಗಿದರೆ ಬೆಚ್ಚಿ ಬೀಳುತ್ತಾಳೆ, ಸುಮ್ಮನಿದ್ದರೂ ಬೀಳಬಹುದು. ಮಂಡಿಯೂರಿ, ಅಂಗೈ ಊರಿ, ಉಸಿರು ಹಿಡಿದು ಹೋದೆ. ಹತ್ತಿರವಾದಂತೆ ನೋಡಿದೆ: ಅವಳು ನೆಟ್ಟಗೆ ಕೂತಿರಲಿಲ್ಲ. ಪಕ್ಕದವರ ಹೆಗಲಿಗೆ ತಲೆಯಿಟ್ಟವಳಂತೆ ಎಡಕ್ಕೆ ಒರಗಿದ್ದಳು. ಎಡಕ್ಕೆ ಏನೂ ಇರಲಿಲ್ಲ.

ಕೈಗೆ ಸಿಕ್ಕಿದ್ದು ಅವಳ ಜಡೆ. ಬಿಗಿಯಾಗಿ ಹಿಡಿದೆ.

"ಶೈಲಾ..."

"ಹೂಂ, ಅಕ್ಕ."

"ಹಿಂದಕ್ಕೆ ಬಾ."

"ತಾಳು, ಬರ್ತೀನಿ. ಇವರು ಏಳ್ಲಿ."

ನಾನು ತಾಳಿದೆ. ಯಾಕೆ ತಾಳಿದೆನೋ ಇವತ್ತಿಗೂ ಗೊತ್ತಿಲ್ಲ. ಆತುಕೊಂಡವರು ಮೆಲ್ಲಗೆ ಎದ್ದಾಗ ನಾವು ಹೇಗೆ ನೆಟ್ಟಗಾಗುತ್ತೇವೋ, ಅವಳು ಹಾಗೇ ನೆಟ್ಟಗಾದಳು. ಕಾಲು ಮೇಲೆಳೆದುಕೊಂಡಳು. ನನ್ನ ಹಿಂದೆ ಬಂದು ಚಾಪೆಯ ಮೇಲೆ ಬಿದ್ದವಳೇ ನಿದ್ದೆಹೋದಳು. ಅವಳ ಕೈಯನ್ನು ನನ್ನ ಸೆರಗಿಗೆ ಕಟ್ಟಿಕೊಂಡು ಬೆಳಗಿನವರೆಗೆ ಕೂತೆ. ಆಗಲೇ ಗೊತ್ತಾದದ್ದು, ಅಂಗೈ ಪೂರ್ತಿ ಎಣ್ಣೆ. ಬಿಚ್ಚಿಕೊಂಡು ಮಲಗಿದ್ದ ಕೂದಲನ್ನು ಯಾರೋ ಎಣ್ಣೆ ಹಚ್ಚಿ, ಬಾಚಿ, ಹೆಣೆದಿದ್ದರು.

ಬೆಳಗ್ಗೆ ಎಲ್ಲರಿಗಿಂತ ಮೊದಲು ನಸೀಮಾ ಎದ್ದಳು.

"ಏನ್ಲೇ ಪ್ರಭಾ, ನಿನ್ನ ಪಶ್ಚಿಮದಲ್ಲಿ ಸೂರ್ಯ ಹುಟ್ತಾವ್ನೆ."

"ಕತ್ತಲಲ್ಲಿ ಮಾಗಡೀನ ಕುಣಿಗಲ್ ಅಂದ್ಕೊಂಡೆ, ಬುಡೇ ಅತ್ಲಾಗೆ."

"ಅದಿರ್ಲಿ. ಬ್ಯಾಗೆಲ್ಲ ಗೋಡೆ ಹತ್ರಾನೇ ಇವೆ. ನಮ್ಮ ಕಾಲು ಆ ಕಡೆ ಹೆಂಗೆ ಹೋಯ್ತು?"

"ಸೆಕೆಗೆ ಹೊರಳಿರ್ತೀವಿ."

"ಚಾಪೆ ಸಮೇತನಾ?"

ಪ್ರಭಾ ಚಾಪೆ ಸುತ್ತತೊಡಗಿದಳು. ಶೈಲಾ ಮಾತ್ರ ಮೈಮುರಿದು, "ಎಂಥಾ ಒಳ್ಳೇ ನಿದ್ದೆ ಬಂತು ಕಣಕ್ಕ" ಎಂದಳು. ಜಡೆಯ ವಿಷಯ ಕೇಳಿದೆ. "ನೀನೇ ಹೆಣೆದ್ಯಲ್ಲ" ಎಂದು ನನ್ನ ಮುಖವನ್ನೇ ನೋಡಿದಳು.

ಸಂಜೆಗೆ ಗುಬ್ಬಿಗೆ ಹೋಗಿ ಅವಳನ್ನು ಒಪ್ಪಿಸಿದೆ. ಅತ್ತೆ ಅಡಿಯಿಂದ ಮುಡಿಯವರೆಗೆ ನೋಡಿ ನೆಮ್ಮದಿಯಾದಳು. ನನಗೂ ನೆಮ್ಮದಿಯಾಯಿತು, ಅವಳ ಬಗ್ಗೆ. ಮದುವೆ ಚೆನ್ನಾಗಿಯೇ ಆಯಿತು. ನಾವು ಮೂವರು ಮತ್ತೆ ಎಷ್ಟೋ ಬೆಟ್ಟ ಹತ್ತಿದೆವು. ಮೇಲೆ ಮಾತ್ರ ಮಲಗಲಿಲ್ಲ. ಈಗ ಪ್ರಭಾ, ಚಾಪೆ ತಿರುಗಲೇ ಇಲ್ಲ, ಮೊದಲಿಂದ ಹಾಗೇ ಮಲಗಿದ್ದೆವು ಎನ್ನುತ್ತಾಳೆ. ನಸೀಮಾ ಆ ಮಾತೇ ಬೇಡ ಎನ್ನುತ್ತಾಳೆ.

ಹೋದ ಯುಗಾದಿಗೆ ಶೈಲಾ ತುಮಕೂರಿನ ಶೆಟ್ಟಿಹಳ್ಳಿಯಲ್ಲಿರುವ ನಮ್ಮ ಮನೆಗೆ ಬಂದಿದ್ದಳು. ಇಬ್ಬರು ಮಕ್ಕಳು, ಸುಖವಾಗಿದ್ದಾಳೆ. ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ, ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿಬಿಟ್ಟೆ. ಒಬ್ಬಟ್ಟು ತಟ್ಟುತ್ತಿದ್ದ ಅವಳ ಕೈ ನಿಂತಿತು. ಯಾವ ರಾತ್ರಿ ಎಂದು ಅವಳು ಕೇಳಲಿಲ್ಲ. ಯಾವ ಬಂಡೆ ಎಂದೂ ಕೇಳಲಿಲ್ಲ. ನನ್ನನ್ನೇ ನೋಡುತ್ತ ನಿಂತಳು. ನೋಡುತ್ತಿದ್ದ ಹಾಗೇ ಕಣ್ಣು ತುಂಬಿತು.

"ಒಲೆ ಸಣ್ಣ ಮಾಡಕ್ಕ, ಸೀಯ್ತಿದೆ" ಎಂದಳು.

ಮಾರನೇ ದಿನ ಹೊರಟಾಗ ನನ್ನನ್ನು ಅಪ್ಪಿಕೊಂಡವಳು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಬರೆದ ಕಾಗದಗಳಲ್ಲಿ ಮಕ್ಕಳ ಪರೀಕ್ಷೆ, ಅವರೂರಿನ ಬಿಸಿಲು, ಎಲ್ಲ ಇದೆ, ಅದೊಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಶೈಲಾ, ಅವತ್ತು ಬಂಡೆ ಮೇಲೆ ‘ಅಕ್ಕಂಗೆ ಹೇಳ್ತೀನಿ’ ಅಂದ್ಯಲ್ಲ... ಅವರು ನಂಗೆ ಏನು ಹೇಳು ಅಂದಿದ್ರು?"