ದೊಡ್ಡ ಟರ್ಬೊ, ಸಣ್ಣ ಟರ್ಬೊ

ನಮ್ಮ ಕಾರಿನ ಟರ್ಬೊ ಕೆಟ್ಟದ್ದು ನಡುಬೇಸಿಗೆಯಲ್ಲಿ, ಅಂಗಡಿಯಲ್ಲಿ ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದ ಕಾಲದಲ್ಲಿ. ಕನಕಪುರದಲ್ಲಿ ನಮ್ಮದು ಪಂಪು, ಮೋಟಾರಿನ ಅಂಗಡಿ. ಅಪ್ಪ ಶುರುಮಾಡಿದ್ದು. ಅವರು ಹೋದ ಮೇಲೆ ಗಲ್ಲಾದಲ್ಲಿ ನಾನು ಕೂತೆ. ನನ್ನ ಯಜಮಾನರು ಹಿಂದಿನ ಕೋಣೆಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತಾರೆ. ಗಿರಾಕಿಗಳ ಜೊತೆ ಜಗಳ ನನ್ನ ಪಾಲು, ಮೌನ ಅವರ ಪಾಲು.

ಕಾರು ಓಡಿಸುವುದೂ ನನ್ನ ಪಾಲೇ. ಅವರಿಗೆ ಬರುವುದಿಲ್ಲ. ಬರುವುದಿಲ್ಲ ಎನ್ನುವುದಕ್ಕಿಂತ, ಅವರು ಕಲಿಯುವ ಮಾತನ್ನೇ ಎತ್ತಿರಲಿಲ್ಲ. ಚಿಕ್ಕಂದಿನಿಂದ ಬಸ್ಸು ಹತ್ತಿದರೆ ವಾಂತಿ. ನಮ್ಮ ಮದುವೆಗೆ ಬೈರಾಪಟ್ಟಣದಿಂದ ಗಂಡಿನ ಕಡೆಯವರೆಲ್ಲ ಬಸ್ಸಿನಲ್ಲಿ ಬಂದರೆ, ಗಂಡು ಮಾತ್ರ ಪೇಟಕ್ಕೆ ಟವೆಲು ಸುತ್ತಿಕೊಂಡು ಮೊಪೆಡ್ಡಿನಲ್ಲಿ ಬಂದಿತ್ತು. ಛತ್ರದ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ನನ್ನ ಸೋದರತ್ತೆ, ಇವರನ್ನು ಹೂವು ತಂದವರೆಂದು ತಿಳಿದು ಹಿಂದಿನ ಬಾಗಿಲಿಗೆ ಹೋಗಲು ಹೇಳಿದ್ದರು. ನನ್ನ ಕಾರಿನಲ್ಲಿ ಮಾತ್ರ ಅವರು ಹೇಗೋ ಕೂರುತ್ತಿದ್ದರು. ಮುಂದಿನ ಸೀಟು, ಅರ್ಧ ಇಳಿಸಿದ ಗಾಜು, ಕೈಯಲ್ಲೊಂದು ನಿಂಬೆಹಣ್ಣು. ನಾನು ಬ್ರೇಕನ್ನು ಮೆಲ್ಲಗೆ ಒತ್ತಬೇಕು, ತಿರುವುಗಳಲ್ಲಿ ತಾಳ್ಮೆಯಿಂದಿರಬೇಕು.

ಅವರಿಲ್ಲದಾಗ ನಾನು ಓಡಿಸುವ ರೀತಿಯೇ ಬೇರೆ. ಅದು ಬೆಂಗಳೂರಿನ ಯಾರೋ ಓಡಿಸಿ ಬಿಟ್ಟ, ಟರ್ಬೊ ಇರುವ ಪೆಟ್ರೋಲ್ ಕಾರು. ಮೊದಲ ಸಲ ಕನಕಪುರದಿಂದ ರಾಮನಗರಕ್ಕೆ ಒಬ್ಬಳೇ ಹೋಗುವಾಗ, ಊರು ದಾಟಿ ಕಾಲು ಒತ್ತಿದ್ದೇ ತಡ, ಬೆನ್ನಿಗೆ ಯಾರೋ ಅಂಗೈ ಕೊಟ್ಟು ತಳ್ಳಿದಂತಾಗಿತ್ತು. ದಾರಿಯ ಎರಡು ಬದಿಯ ಬಂಡೆಗುಡ್ಡಗಳು ಹಿಂದಕ್ಕೆ ಸರಿದವು. ಒಬ್ಬಳೇ ನಕ್ಕಿದ್ದೆ. ನಲವತ್ತು ದಾಟಿದವಳಿಗೆ ಇದೇನು ಹುಚ್ಚು ಎಂದು ಯಾರಾದರೂ ಕೇಳಿಯಾರೆಂದು ಯಾರಿಗೂ ಹೇಳಲಿಲ್ಲ.

ಕಾರಿನಲ್ಲಿ ಏನೋ ಕೆಟ್ಟಿದೆ ಎಂದು ಮೊದಲು ಪತ್ತೆಹಚ್ಚಿದವರು ಯಜಮಾನರೇ. “ಎಣ್ಣೆ ಸುಟ್ಟ ವಾಸ್ನೆ ಬತ್ತಾ ಐತೆ ಕಣೆ,” ಎಂದರು. ಕನ್ನಡಿಯಲ್ಲಿ ನೋಡಿದರೆ ಹಿಂದೆ ನೀಲಿ ಹೊಗೆ. ಸಣ್ಣಗೆ ಸಿಳ್ಳೆ ಹೊಡೆಯುತ್ತಿದ್ದ ಇಂಜಿನ್ನು ಒಂದೇ ಸಮನೆ ಗೋಳಾಡತೊಡಗಿತ್ತು.

ರಾಮನಗರದಲ್ಲಿ, ಮೈಸೂರಿನ ಹಳೇ ರಸ್ತೆಯ ಬದಿಗೆ ಒಂದು ಗ್ಯಾರೇಜಿದೆ. ಅದರ ಮಾಲೀಕ ಮೂವತ್ತರ ಆಸುಪಾಸಿನವನು, ಮಾತಿನಮಲ್ಲ. ಕಾರುಗಳಿಗೆ ಟರ್ಬೊ ಬದಲಿಸಿ ಜೋರು ಮಾಡಿಕೊಡುವುದರಲ್ಲಿ ಅವನಿಗೆ ಸುತ್ತಲಿನ ತಾಲ್ಲೂಕುಗಳಲ್ಲೆಲ್ಲ ಹೆಸರು. ಅವನು ಒಂದು ಪೈಪು ಬಿಚ್ಚಿ, ಒಳಗಿನ ಚಕ್ರವನ್ನು ನನ್ನ ಕೈಯಿಂದಲೇ ಅಲ್ಲಾಡಿಸಲು ಹೇಳಿದ. ಸಡಿಲವಾದ ಹಲ್ಲಿನ ಹಾಗೆ ಅದು ಆಡಿತು.

“ನೋಡಿ ಅಕ್ಕ, ಸವೆದೋಗೈತೆ. ಬದಲಾಯಿಸ್ಲೇಬೇಕು. ಹೆಂಗೂ ಹೊಸದು ಹಾಕ್ತೀರ, ಒಸಿ ದೊಡ್ಡದೇ ಹಾಕ್ಸ್‌ಬುಡಿ.”

ಟರ್ಬೊ ಎನ್ನುವುದು ನೋಡಲು ಕಬ್ಬಿಣದ ಬಸವನಹುಳು. ಒಂದೇ ಕಡ್ಡಿಗೆ ಎರಡು ಚಕ್ರ. ಇಂಜಿನ್ನಿನಿಂದ ಹೊರಬೀಳುವ ಹೊಗೆ ಒಂದನ್ನು ತಿರುಗಿಸುತ್ತದೆ, ಅದರ ಜೊತೆ ತಿರುಗುವ ಇನ್ನೊಂದು ಹೊರಗಿನ ಗಾಳಿಯನ್ನು ಇಂಜಿನ್ನಿಗೆ ತುರುಕುತ್ತದೆ. ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲು, ಹೆಚ್ಚು ಬಲ. ಅವನು ಮೂರು ದಾರಿ ಹೇಳಿದ. ಕಂಪನಿಯದೇ ಇನ್ನೊಂದು ಹಾಕುವುದು. ಅದೇ ಕವಚದೊಳಗೆ ಒಂದಿಷ್ಟು ದೊಡ್ಡ ಚಕ್ರ ಕೂರಿಸಿದ್ದನ್ನು ಹಾಕುವುದು. ಇಲ್ಲವೇ ತನ್ನ ಸ್ವಂತ ಕಾರಿಗೆ ಹಾಕಿರುವಂಥ ದೊಡ್ಡದನ್ನೇ ತರಿಸುವುದು.

“ಇಂಜಿನ್ನಿನ ಒಳಗೂ ಏನಾದ್ರೂ ಬದಲಾಯಿಸ್ಬೇಕಾ?” ಎಂದೆ.

“ಒಳಗಿನ ಪಿಸ್ಟನ್ನು, ಅದನ್ನ ಹಿಡಿದಿರೋ ರಾಡು ಎಲ್ಲ ಕಂಪನಿಯಿಂದ ಬಂದಿರೋದೇ. ಅದನ್ನ ಬಿಚ್ಚಲ್ಲ ಅಂದ್ರೆ ಜೋರಿಗೆ ಒಂದು ಮಿತಿ ಐತೆ. ಅದರಲ್ಲೂ ಇಂಜಿನ್ನು ನಿಧಾನಕ್ಕೆ ತಿರುಗೋವಾಗ ಜೋರು ಒಂದೇ ಸಲಕ್ಕೆ ಬಿದ್ರೆ ರಾಡು ಬಗ್ಗಿಬುಡ್ತದೆ. ದೊಡ್ಡದು ಹಾಕ್ಸಿ, ಗಾಳಿ ಒತ್ತಡ ಕಮ್ಮಿ ಇಟ್ಕೊಡ್ತೀನಿ. ಏನೂ ಆಗಲ್ಲ.”

“ಹಂಗಾದ್ರೆ ದೊಡ್ಡದೇ ಇರ್ಲಿ,” ಎಂದುಬಿಟ್ಟೆ. ಅಂಗಡಿಯಲ್ಲಿ ಚೌಕಾಸಿ ಮಾಡದೆ ಒಂದು ವಾಷರನ್ನೂ ಕೊಳ್ಳದವಳು ನಾನು.

ಯಜಮಾನರು ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ಹಳೇ ಟರ್ಬೊ ಒಂದನ್ನು ಎತ್ತಿ ಬೆರಳಿನಿಂದ ತಿರುಗಿಸುತ್ತಿದ್ದರು. “ಒಂದ್ಸಲ ಓಡಿಸಿ ನೋಡಿ ಆಮೇಲೆ ಹೇಳು,” ಎಂದರು.

ಗ್ಯಾರೇಜಿನವನು ಖುಷಿಯಿಂದ ತನ್ನ ಕಾರಿನ ಬೀಗದ ಕೈ ಕೊಟ್ಟ. ನಾನು ಸ್ಟಿಯರಿಂಗಿಗೆ, ಯಜಮಾನರು ಪಕ್ಕದಲ್ಲಿ, ಅವನು ಹಿಂದೆ. ಮಾಗಡಿ ರಸ್ತೆ ಹಿಡಿದೆವು. ಊರೊಳಗೆ ಆ ಕಾರು ಸಪ್ಪೆಯಾಗಿತ್ತು, ನನ್ನದಕ್ಕಿಂತ ಸಪ್ಪೆ. “ಇನ್ನೂ ಗಾಳಿ ತುಂಬ್ಕೊಂಡಿಲ್ಲ ಅಕ್ಕ, ಒಸಿ ಕಾಯ್ಬೇಕು,” ಎಂದು ಹಿಂದಿನಿಂದ ಹೇಳಿದ. ಊರು ದಾಟಿ ಖಾಲಿ ರಸ್ತೆ ಸಿಕ್ಕಾಗ ಕಾಲು ಒತ್ತಿ ಹಿಡಿದೆ. ಏನೂ ಆಗಲಿಲ್ಲ. ಮತ್ತೂ ಏನೂ ಆಗಲಿಲ್ಲ. ಆಮೇಲೆ ಒಮ್ಮೆಗೇ ಸೀಟು ನನ್ನನ್ನು ಒಳಕ್ಕೆ ಎಳೆದುಕೊಂಡಿತು. ನನ್ನ ಬಾಯಿಂದ ಒಂದು ಕೂಗು ಹೊರಟಿತು. ಅದು ಹೆದರಿಕೆಯದ್ದಲ್ಲ ಎಂದು ಮೂವರಿಗೂ ಗೊತ್ತಾಯಿತು.

ಮುಂದೆ ಒಂದು ಟ್ರ್ಯಾಕ್ಟರು ರಾಗಿಹುಲ್ಲು ಹೇರಿಕೊಂಡು ರಸ್ತೆ ತುಂಬ ಹೋಗುತ್ತಿತ್ತು. ಹಿಂದೆಯೇ ನಿಧಾನ ಮಾಡಿಕೊಂಡು ಹೋಗಿ, ಎದುರು ರಸ್ತೆ ಖಾಲಿ ಕಂಡಾಗ ಬಲಕ್ಕೆ ಬಂದು ಒತ್ತಿದೆ. ನನ್ನ ಕಾರಾಗಿದ್ದರೆ ಅಷ್ಟರಲ್ಲಿ ಟ್ರ್ಯಾಕ್ಟರು ಹಿಂದಾಗುತ್ತಿತ್ತು. ಇದು ಸುಮ್ಮನೆ ಟ್ರ್ಯಾಕ್ಟರಿನ ಪಕ್ಕದಲ್ಲೇ ಉಳಿಯಿತು. ಎದುರಿನ ತಿರುವಿನಿಂದ ಬಸ್ಸು ಬಂತು. ಬಿಡೋಣವೆಂದು ಕಾಲು ತೆಗೆಯುವ ಹೊತ್ತಿಗೆ ಸರಿಯಾಗಿ ಆ ಬಲ ಬಂದು ಕಾರು ಮುಂದಕ್ಕೆ ಚಿಮ್ಮಿತು. ಬ್ರೇಕು ಒತ್ತಿ, ಟ್ರ್ಯಾಕ್ಟರಿನ ಹಿಂದಕ್ಕೆ ಸರಿದು ಎಡಕ್ಕೆ ಬಂದೆ. ಬಸ್ಸಿಗೂ ನಮಗೂ ಸಾಕಷ್ಟು ದೂರವಿತ್ತು. ಅಪಾಯವೇನೂ ಆಗಲಿಲ್ಲ. ಆದರೆ ನನ್ನ ಲೆಕ್ಕ ತಪ್ಪಿತ್ತು, ರಸ್ತೆಯಲ್ಲಿ ನನ್ನ ಲೆಕ್ಕ ತಪ್ಪುವುದು ಅಪರೂಪ.

“ಒಸಿ ನಿಲ್ಸೆ,” ಎಂದರು ಯಜಮಾನರು.

ಹೊಂಗೆಮರದ ಕೆಳಗೆ ನಿಲ್ಲಿಸಿದೆ. ಅವರು ಇಳಿದು ಹೋಗಿ ಬೇಲಿಯ ಹತ್ತಿರ ಬಗ್ಗಿ ನಿಂತರು. ನಾನು ನೀರಿನ ಬಾಟಲಿ ತೆಗೆದುಕೊಂಡು ಹೋಗಿ ಬೆನ್ನು ಸವರಿದೆ. ಗ್ಯಾರೇಜಿನವನು ಇಳಿದು, “ಅಣ್ಣಂಗೆ ಅಭ್ಯಾಸ ಇಲ್ಲ ಅನ್ಸತ್ತೆ,” ಎಂದ.

“ಮದ್ವೆ ಆದಾಗ್ಲಿಂದ ಇಲ್ಲ,” ಎಂದೆ.

ಯಜಮಾನರು ಬಾಯಿ ಮುಕ್ಕಳಿಸಿ ಉಗಿದು, ಮುಖ ಒರೆಸಿಕೊಂಡು, “ಬೇಕಾದಾಗ ಬರ್ನಿಲ್ಲ, ಬ್ಯಾಡ ಅಂದಾಗ ಬಂತು. ನಿಮ್ಮ ಚಿಕ್ಕಪ್ಪ ಇದ್ದಂಗೆ ಐತೆ,” ಎಂದರು. ನನ್ನ ಚಿಕ್ಕಪ್ಪನ ವಿಷಯದಲ್ಲಿ ಅದು ನಿಜವೇ ಆಗಿದ್ದರಿಂದ ನನಗೂ ನಗು ಬಂತು.

ಆದರೂ ಮನಸ್ಸು ದೊಡ್ಡದರ ಮೇಲೆಯೇ ಇತ್ತು. ಆ ಒಂದು ಕ್ಷಣದ ಎಳೆತ ಮೈಯಲ್ಲಿ ಉಳಿದುಬಿಟ್ಟಿತ್ತು. ಯೋಚಿಸಿ ಹೇಳುತ್ತೇನೆಂದು ಕಾರನ್ನು ಅಲ್ಲೇ ಬಿಟ್ಟು, ಬಸ್ಸಿಗೆ ಹೆದರಿ, ಗೊತ್ತಿದ್ದವರ ಸ್ಕೂಟರು ಕೇಳಿ ತೆಗೆದುಕೊಂಡು ಊರಿಗೆ ಬಂದೆವು.

ಆ ವಾರ ಮಾಗಡಿ ಕಡೆಯ ಕಲ್ಯದಿಂದ ರೈತರೊಬ್ಬರು ಸುಟ್ಟ ಮೋಟಾರು ತಂದರು. ವಯಸ್ಸಾದವರು, ನಮ್ಮ ಅಪ್ಪನ ಕಾಲದ ಗಿರಾಕಿ. ರಿಪೇರಿ ಬೇಡ, ಹೊಸದೇ ಕೊಡು, ಮೊದಲಿನದಕ್ಕಿಂತ ದೊಡ್ಡದು ಕೊಡು ಎಂದರು.

“ಬೋರಲ್ಲಿ ನೀರೆಷ್ಟು ಬತ್ತದೆ ಗೌಡ್ರೇ?”

“ಬೇಸ್ಗೇಲಿ ಕಮ್ಮಿ ಕಣವ್ವ. ಅದ್ಕೇ ದೊಡ್ಡದು ಹಾಕಿ ಎಳ್ಸಾನ ಅಂತ.”

“ದೊಡ್ಡದು ಹಾಕಿದ್ರೆ ನೀರು ಹೆಚ್ಚಾಯ್ತದಾ? ಇರೋದ್ನ ಎಳ್ದುಬುಟ್ಟು ಆಮೇಲೆ ನೀರಿಲ್ದೆ ತಿರುಗಿ ಸುಟ್ಟೋಯ್ತದೆ. ಬೋರು ಎಷ್ಟು ಕೊಡ್ತದೋ ಅಷ್ಟಕ್ಕೆ ತಕ್ಕ ಮೋಟಾರು ಹಾಕ್ಸಿ.”

ಬೇಸಿಗೆಯಲ್ಲಿ ನಿತ್ಯ ಹೇಳುವ ಮಾತು ಅದು. ನಿದ್ದೆಯಲ್ಲೂ ಹೇಳಬಲ್ಲೆ. ಹೇಳಿ ಮುಗಿಸಿದ ಮೇಲೆ ಒಳಕೋಣೆಯಲ್ಲಿ ತಂತಿ ಸುತ್ತುವ ಸದ್ದು ನಿಂತಿರುವುದು ಗಮನಕ್ಕೆ ಬಂತು. ತಿರುಗಿ ನೋಡಿದೆ. ಯಜಮಾನರು ನನ್ನನ್ನೇ ನೋಡುತ್ತಿದ್ದರು. ತುಟಿಯ ಕೊನೆ ಸ್ವಲ್ಪ ಅಲುಗಿತು.

“ಏನ್ರಿ ನಗೋದು?” ಎಂದೆ.

“ನಾನೆಲ್ಲಿ ನಕ್ಕೆ? ಗೌಡ್ರಿಗೆ ಸರಿಯಾಗೇ ಹೇಳ್ದೆ,” ಎಂದು ತಂತಿಗೆ ಕೈ ಹಾಕಿದರು.

ಗೌಡರಿಗೆ ಏನೂ ತಿಳಿಯದಿದ್ದರೂ ನಮ್ಮಿಬ್ಬರ ನಗುವಿಗೆ ಅವರೂ ಸೇರಿಕೊಂಡರು. ನನಗೆ ನಾಚಿಕೆಯೂ ಆಯಿತು, ಸ್ವಲ್ಪ ಸಿಟ್ಟೂ ಬಂತು. ಮಧ್ಯಾಹ್ನ ಬುತ್ತಿ ಬಿಚ್ಚುವ ಮುಂಚೆ ಗ್ಯಾರೇಜಿಗೆ ಫೋನು ಮಾಡಿ, ಅದೇ ಕವಚದಲ್ಲಿ ಸ್ವಲ್ಪ ದೊಡ್ಡ ಚಕ್ರವಿರುವುದನ್ನು ಹಾಕು ಎಂದೆ. ಕಂಪನಿಯದೇ ಹಾಕು ಎನ್ನುವಷ್ಟು ದೊಡ್ಡ ಮನಸ್ಸು ನನಗೆ ಬರಲಿಲ್ಲ. ಅವನಿಗೆ ಬೇಸರವಾಯಿತು. “ಆಮೇಲೆ ಸಾಲ್ದು ಅಂತೀರ ಅಕ್ಕ,” ಎಂದ.

ಕಾರು ತರಲು ಹೋದ ದಿನ ಮತ್ತೊಂದು ವಾದ ನಡೆಯಿತು. ಹೊಸ ಟರ್ಬೊ ಆ ದೊಡ್ಡದರಂತೆ ನನ್ನನ್ನು ಕಾಯಿಸಲಿಲ್ಲ, ನಿಜ. ಆದರೆ ಸ್ವಲ್ಪ ಒತ್ತಿದರೂ ಇಂಜಿನ್ನು ನಿಧಾನಕ್ಕೆ ತಿರುಗುತ್ತಿರುವಾಗಲೇ ಒದ್ದಂತೆ ಮುಂದಕ್ಕೆ ಹಾರುತ್ತಿತ್ತು. ಯಜಮಾನರು ಮೊದಲ ತಿರುವಿಗೇ ನಿಂಬೆಹಣ್ಣು ಮೂಗಿಗೆ ಹಿಡಿದರು.

“ಇದನ್ನ ಒಸಿ ಮೆತ್ತಗೆ ಮಾಡಪ್ಪ,” ಎಂದೆ.

“ಎಲ್ರೂ ಈ ಒದೆತಾನೇ ಕೇಳ್ಕೊಂಡು ಬರೋದು ಅಕ್ಕ!”

“ನಿಧಾನಕ್ಕೆ ತಿರುಗೋವಾಗ ಜೋರು ಬಿದ್ರೆ ರಾಡು ಬಗ್ಗ್ತದೆ ಅಂದೋನು ನೀನೇ ಅಲ್ವಾ?”

ಅವನು ತಲೆ ಕೆರೆದುಕೊಂಡ. “ಅಂದಿದ್ದೆ,” ಎಂದ. “ಆದ್ರೆ ಇಷ್ಟಕ್ಕೆ ಬಗ್ಗಲ್ಲ.” ಲ್ಯಾಪ್‌ಟಾಪು ಎತ್ತಿಕೊಂಡ. “ಬಗ್ಗಲ್ಲ ಅಂತ ಬರ್ಕೊಡಾಕಂತೂ ಆಗಲ್ಲ.” ನಕ್ಕು, ಲ್ಯಾಪ್‌ಟಾಪಿನ ತಂತಿಯನ್ನು ಕಾರಿಗೆ ಸಿಕ್ಕಿಸಿ ಕೂತ. ಗಾಳಿ ಒತ್ತಡದ ಅಂಕಿ ಬದಲಿಸುವುದು, ಅವನೇ ಒಂದು ಸುತ್ತು ಹೋಗಿ ಬರುವುದು, ಮತ್ತೆ ಕೂರುವುದು. ಅಷ್ಟರಲ್ಲಿ ನಾವು ಎದುರಿನ ಅಂಗಡಿಯಲ್ಲಿ ಟೀ ಕುಡಿದೆವು. ಕೊನೆಗೆ ಬಂದು, “ಈಗ ನೋಡಿ, ಬೆಣ್ಣೆ,” ಎಂದ. ಹೌದು, ಬೆಣ್ಣೆಯೇ. ಕಾಲಿಟ್ಟಷ್ಟು ಬಲ, ಎತ್ತಿದರೆ ಇಲ್ಲ. ಬೆನ್ನಿಗೆ ಬಿದ್ದ ಅಂಗೈ ಮೊದಲಿಗಿಂತ ಗಟ್ಟಿಯಾಗಿತ್ತು, ಆದರೆ ತಳ್ಳುವ ಮುಂಚೆ ಕೇಳುತ್ತಿತ್ತು.

ಮುಂದಿನ ಭಾನುವಾರ ದೊಡ್ಡಮಳೂರಿಗೆ ಹೋದೆವು. ದೇವರ ದರ್ಶನ ಮುಗಿಸಿ, ಬೈರಾಪಟ್ಟಣದಲ್ಲಿರುವ ಅವರ ತಂಗಿಯ ಮನೆಗೆ ಹೋಗುವುದೆಂದಿತ್ತು. ಅಲ್ಲಿಯತನಕ ಅವರು ನಿಂಬೆಹಣ್ಣನ್ನು ಮೂಗಿಗೆ ಹಿಡಿದಿರಲಿಲ್ಲ. ಕಾರಿನ ಹತ್ತಿರ ಬಂದು ಬಾಗಿಲಿಗೆ ಒರಗಿ ನಿಂತರು.

“ಇದ್ನ ಕಲಿಯೋದು ಬಾಳ ಕಷ್ಟನಾ?” ಎಂದರು.

ನಾನು ಗಾಬರಿಯಿಂದ ಅವರ ಮುಖ ನೋಡಿದೆ. “ಯಾಕ್ರಿ?”

“ಅವತ್ತು ಗೊತ್ತಾಯ್ತು. ನೀನು ಕೂಗ್ದೆ ನೋಡು, ಮಾಗಡಿ ರೋಡಲ್ಲಿ. ಅಷ್ಟು ಖುಷಿ ಆಗೋ ಅಂಥದ್ದು ಏನೈತೆ ಇದ್ರಲ್ಲಿ ಅಂತ ನಾನೂ ನೋಡಾನ ಅನ್ನಿಸ್ತು.”

ಇಷ್ಟು ವರ್ಷ ನನ್ನ ಹುಚ್ಚನ್ನು ಅವರಿಂದ ಮುಚ್ಚಿಟ್ಟಿದ್ದೇನೆಂದು ತಿಳಿದಿದ್ದೆ. ಮುಚ್ಚಿಡುವ ಅಗತ್ಯವೇ ಇರಲಿಲ್ಲ ಎಂದು ಆ ಬಿಸಿಲಲ್ಲಿ ನಿಂತು ಅರ್ಥವಾಯಿತು. “ಮೊದ್ಲು ಕಲಿಯೋರ ಲೈಸೆನ್ಸು, ಎಲ್.ಎಲ್. ಮಾಡಿಸ್ಬೇಕು,” ಎಂದಷ್ಟೇ ಹೇಳಿದೆ.

ಮಾಡಿಸಿದೆವು. ಮಳೆಗಾಲ ಬರುವ ಮುಂಚಿನ ಭಾನುವಾರದ ಬೆಳಗುಗಳೆಲ್ಲ ಕನಕಪುರದ ಹೊರಗಿನ ಖಾಲಿ ಲೇಔಟಿನ ರಸ್ತೆಗಳಲ್ಲಿ ಕಳೆದವು. ಮೋಟಾರಿನ ತಂತಿಯನ್ನು ಎಳೆ ಎಳೆಯಾಗಿ ಸುತ್ತುವ ಕೈ ಅದು, ಕ್ಲಚ್ಚನ್ನು ಬಲು ಬೇಗ ಹಿಡಿದುಕೊಂಡಿತು. ಅಚ್ಚರಿಯೆಂದರೆ, ಸ್ಟಿಯರಿಂಗ್ ಹಿಡಿದಾಗ ಅವರಿಗೆ ಒಂದು ಸಲವೂ ಹೊಟ್ಟೆ ತೊಳಸಲಿಲ್ಲ. ಮುಂದಿನ ತಿರುವು ತನ್ನ ಕೈಯಲ್ಲೇ ಇದ್ದರೆ ಹೊಟ್ಟೆ ಸುಮ್ಮನಿರುತ್ತದಂತೆ. ಡಾಕ್ಟರೊಬ್ಬರನ್ನು ಕೇಳಿದರೆ, ಹಲವರಿಗೆ ಹಾಗೆಯೇ ಎಂದರು. ಇಷ್ಟು ವರ್ಷ ಅವರನ್ನು ತಪ್ಪು ಸೀಟಿನಲ್ಲಿ ಕೂರಿಸಿದ್ದೆವು.

ಲೈಸೆನ್ಸ್ ಬಂದ ಮೇಲೆ ಬೈರಾಪಟ್ಟಣಕ್ಕೆ ಅವರೇ ಕಾರು ಓಡಿಸಿಕೊಂಡು ಹೋದರು. ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕುವಷ್ಟು ನಿಧಾನ. ಪಕ್ಕದಲ್ಲಿ ಕೂತ ನಾನು ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತುತ್ತಿದ್ದೆ. ಚನ್ನಪಟ್ಟಣ ದಾಟಿ ಖಾಲಿ ರಸ್ತೆ ಸಿಕ್ಕಾಗ, “ಒಸಿ ಒತ್ರಿ,” ಎಂದೆ.

ಒತ್ತಿದರು. ಇಂಜಿನ್ನು ಮೆಲ್ಲಗೆ ಸಿಳ್ಳೆ ಹಾಕಿ ನಮ್ಮಿಬ್ಬರನ್ನೂ ಮುಂದಕ್ಕೆ ತಳ್ಳಿತು. ಅವರು ಕೂಗಲಿಲ್ಲ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಿಗಿಹಿಡಿದು, ರಸ್ತೆಯಿಂದ ಕಣ್ಣು ತೆಗೆಯದೆ, “ಓಹೋ,” ಎಂದರು. ತಂಗಿಯ ಮನೆ ಮುಟ್ಟುವತನಕ ಇನ್ನೆರಡು ಸಲ ಒತ್ತಿ ನೋಡಿದರು. ಅಂಗಳದಲ್ಲಿ ಕಾರು ನಿಲ್ಲಿಸಿದಾಗ ಅವರ ತಂಗಿ ಹೊರಬಂದು, ನನ್ನನ್ನು ಎಡಗಡೆ ಸೀಟಿನಲ್ಲಿ ಕಂಡು, “ಯಾಕತ್ಗೆ, ಹುಷಾರಿಲ್ವಾ?” ಎಂದು ಗಾಬರಿಯಿಂದ ಕೇಳಿದಳು.