ಕಿವಿ ಕುರ್ಚಿ

ಲಾಂಡ್ರಿ ಅಕ್ಕನ ಇಸ್ತ್ರಿ ಮೇಜು ರಸ್ತೆಯ ಕಡೆಗೆ ಮುಖ ಮಾಡಿದೆ. ಟಿವಿ ಇರುವುದು ಅವಳ ಬೆನ್ನ ಹಿಂದೆ, ಗಿರಾಕಿಗಳು ಕೂರುವ ಬೆಂಚಿನ ಎದುರು ಗೋಡೆಯ ಮೇಲೆ. ಅದನ್ನು ಅಲ್ಲಿ ಜಡಿಸಿದವನು ಅವಳ ಗಂಡ. ಹೆಂಡತಿ ಟಿವಿ ನೋಡುತ್ತಾ ಯಾರದೋ ಬಟ್ಟೆ ಸುಟ್ಟುಬಿಟ್ಟಾಳು ಎಂಬ ಮುಂದಾಲೋಚನೆಯಂತೆ. ಪಂದ್ಯದ ಸಂಜೆ ಆ ಟಿವಿಯೊಳಗೆ ಮಾತಾಡುವವನೂ ಅವನೇ. ಉಳಿದವರೆಲ್ಲ ಆಟ ನೋಡುತ್ತಾರೆ, ಅವಳ ಪಾಲಿಗೆ ಗಂಡನ ಗಂಟಲು ಮಾತ್ರ.

ಅವನು ಹಗಲು ಬಾಸ್ಕೆಟ್‌ಬಾಲ್ ಕ್ಲಬ್ಬಿನ ಆಫೀಸಿನಲ್ಲಿ ಗುಮಾಸ್ತ, ಸಂಜೆ ಊರಿನ ಹೆಣ್ಣುಮಕ್ಕಳ ತಂಡದ ಕಾಮೆಂಟರಿಯವನು. ಊರಿಗೆಲ್ಲ ಮೈಕಣ್ಣ. ಅಕ್ಕನ ಅಂಗಡಿಗೆ ಬರುವವರು ಕೊಳೆ ಬಟ್ಟೆಯ ಜೊತೆ ಮೈಕಣ್ಣನ ಮೇಲಿನ ದೂರನ್ನೂ ತಂದು ಸುರಿಯುತ್ತಾರೆ. "ಅಕ್ಕ, ಬೇಜಾರು ಮಾಡ್ಕೋಬೇಡಿ..." ಎಂದೇ ಎಲ್ಲರೂ ಶುರು ಮಾಡುವುದು. ಹಾಗೆ ಶುರುವಾದ ಮಾತಿನಿಂದ ಬೇಜಾರಾಗದೆ ಉಳಿದವರು ಭೂಮಿಯ ಮೇಲೆ ಯಾರಾದರೂ ಇದ್ದಾರೆಯೇ? ತಂಡ ಗೆದ್ದರೆ ಮೈಕಣ್ಣ ನಮ್ಮವರನ್ನು ತಲೆಯ ಮೇಲೆ ಕೂರಿಸಿಕೊಂಡ ಎನ್ನುತ್ತಾರೆ, ಸೋತರೆ ಉಂಡ ಮನೆಗೆ ಎರಡು ಬಗೆದ ಎನ್ನುತ್ತಾರೆ. ಅಕ್ಕ ಕಾಲರಿನ ಕಲೆಗೆ ಬ್ರಷ್ ಹಾಕುತ್ತಾ, "ನಾಳೆ ಸಂಜೆ ಬನ್ನಿ, ರೆಡಿ ಇರತ್ತೆ" ಎನ್ನುತ್ತಾಳೆ. ಎಷ್ಟೋ ವರ್ಷಗಳಿಂದ ಅವಳ ಉತ್ತರ ಅದೊಂದೇ.

ಮೈಕಣ್ಣನ ನ್ಯಾಯ ತೂಗಲೆಂದೇ ಅಂಗಡಿಯಲ್ಲಿ ಒಂದು ಕುರ್ಚಿ ಇದೆ. ಒಂದು ಕೈ ಮುರಿದ ಆ ಪ್ಲಾಸ್ಟಿಕ್ ಕುರ್ಚಿಗೆ ಕಿವಿ ಕುರ್ಚಿ ಎಂದು ಹೆಸರು. ಪ್ರತಿ ಪಂದ್ಯಕ್ಕೂ ಒಬ್ಬರು ಟಿವಿಗೆ ಬೆನ್ನು ಹಾಕಿ ಅದರಲ್ಲಿ ಕೂರಬೇಕು, ತಿರುಗಿ ನೋಡುವಂತಿಲ್ಲ. ಅರ್ಧ ಆಟ ಮುಗಿದಾಗ, ಎರಡೂ ಕಡೆ ಯಾರು ಚೆನ್ನಾಗಿ ಆಡಿದರು, ಯಾರು ಕಾಲೆಳೆದುಕೊಂಡು ಓಡಾಡಿದರು ಎಂದು ಬರೀ ಕೇಳಿದ್ದರ ಮೇಲೆ ಹೇಳಬೇಕು. ಕಣ್ಣಾರೆ ಕಂಡವರ ಮಾತಿಗೆ ಅದು ತಾಳೆಯಾದರೆ ಮೈಕಣ್ಣ ಪಾಸು, ಆಗದಿದ್ದರೆ ಪಕ್ಷಪಾತಿ. ಸ್ಕೂಟರ್ ಮೆಕ್ಯಾನಿಕ್ ಕಂಡುಹಿಡಿದ ಈ ಪರೀಕ್ಷೆಯನ್ನು ಬೀದಿಯವರೆಲ್ಲ ಕೋರ್ಟಿನ ತೀರ್ಪಿನಷ್ಟೇ ನಂಬುತ್ತಾರೆ. ಅಕ್ಕನೂ ಪ್ರತಿ ಪಂದ್ಯಕ್ಕೂ ಅದೇ ಪರೀಕ್ಷೆಗೆ ನಿಂತಿದ್ದಾಳೆ ಎಂಬುದು ಮಾತ್ರ ಯಾರಿಗೂ ಹೊಳೆದಿಲ್ಲ. ಅವಳಿಗೆ ಕುರ್ಚಿಯೂ ಇಲ್ಲ.

ಈ ವರ್ಷ ಅದಕ್ಕೊಂದು ಗಂಟು ಬಿತ್ತು. ಊರಿನ ತಂಡಕ್ಕೆ ಆರಿಸದೆ ಬಿಟ್ಟ ಅವರ ಒಬ್ಬಳೇ ಮಗಳು ಸೇತುವೆಯಾಚೆಯ ಊರಿನ ತಂಡ ಸೇರಿದಳು. ಅಲ್ಲೇ ಹಾಸ್ಟೆಲ್ಲು, ಅಲ್ಲೇ ಅಭ್ಯಾಸ. ಪಂದ್ಯವಾದ ಮಾರನೆಯ ಬೆಳಿಗ್ಗೆ ಅಮ್ಮನಿಗೆ ಫೋನು ಮಾಡುವುದು ಅವಳ ರೂಢಿ.

ಎರಡೂ ಊರುಗಳ ಮೊದಲ ಪಂದ್ಯದ ದಿನ ಕಿವಿ ಕುರ್ಚಿಯ ಸರದಿ ಮೇಷ್ಟ್ರದು. ಇದ್ದೊಂದು ಕೋಟನ್ನೇ ವಾರಕ್ಕೊಮ್ಮೆ ಒಗೆಸುವ, ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ಅರ್ಧ ಆಟವಾದಾಗ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು. "ಎದುರಿನವರಲ್ಲಿ ಕ್ಯಾಪ್ಟನ್ ಚೆನ್ನಾಗಿ ಆಡ್ತಿದಾಳೆ. ಆ ಎತ್ತರದ ಹುಡುಗಿ ಪರವಾಗಿಲ್ಲ. ನಮ್ಮ ಅಕ್ಕನ ಮಗಳನ್ನ ಮಾತ್ರ ಪಾಪ, ಇನ್ನೂ ಇಳಿಸೇ ಇಲ್ಲ."

ಬೆಂಚಿನವರೆಲ್ಲ ಅಕ್ಕನ ಕಡೆ ತಿರುಗಿದರು. ಆಮೇಲೆ ಮೆಕ್ಯಾನಿಕ್ ಹೇಳಿದ, "ಏನ್ ಸಾರ್ ನೀವು! ಅವರ ಬಾಸ್ಕೆಟ್‌ಗಳಲ್ಲಿ ಅರ್ಧ ಹಾಕಿದ್ದೇ ಅವಳು."

ಅಕ್ಕನ ಕೈ ನಿಂತುಹೋಯಿತು. ಅವಳೂ ಮಗಳನ್ನು ಆಟಕ್ಕೇ ಇಳಿಸಿಲ್ಲ ಎಂದೇ ತಿಳಿದು, ಇಷ್ಟು ಹೊತ್ತೂ ಮನಸ್ಸಿನಲ್ಲೇ ಆ ತಂಡದ ಕೋಚಿಗೆ ಹಿಡಿಶಾಪ ಹಾಕುತ್ತಿದ್ದಳು. ಸುಟ್ಟ ವಾಸನೆ ಬಂದಾಗ ನೋಡಿದರೆ ಮೇಷ್ಟ್ರ ಕೋಟಿನ ತೋಳು ಕಂದಿತ್ತು. ಗಂಡನ ಮುಂದಾಲೋಚನೆ ಎಳ್ಳಷ್ಟೂ ಕೆಲಸಕ್ಕೆ ಬರಲಿಲ್ಲ. ಮೇಷ್ಟ್ರು ತೋಳನ್ನು ನೋಡಿ, "ಬಿಡಿ ಅಕ್ಕ, ಹಳೇದು" ಎಂದರು.

ಅವತ್ತು ಗಂಡ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಕೇಳಿದಳು. "ನಿಮ್ಮ ಬಾಯಲ್ಲಿ ನಮ್ಮ ಮಗಳು ಆಡ್ಲೇ ಇಲ್ವಲ್ರೀ?"

"ಎಲ್ಲಾ ಪಾಯಿಂಟೂ ಹೇಳಿದೀನಿ ಕಣೆ."

"ಪಾಯಿಂಟ್ ಹೇಳಿದ್ರಿ. ಯಾರು ಹಾಕಿದ್ದು ಅಂತ ಹೇಳಿದ್ರಾ? ಎದುರಾಳಿಗೆ ಎರಡು, ಎದುರಾಳಿಗೆ ಎರಡು. ಹೆಸರಿಲ್ವಾ ಅವಳಿಗೆ? ನಾವೇ ಇಟ್ಟಿದ್ದಲ್ವಾ?"

ಅವನು ಗೋಡೆಗೊರಗಿ ಕೂತ. ಊರನ್ನೆಲ್ಲ ಎಬ್ಬಿಸುವ ಗಂಟಲು ಮನೆಯಲ್ಲಿ ಕೀರಲಾಗಿತ್ತು. "ಅವಳ ಹೆಸರು ಬಾಯಿಗೆ ಬಂದ್ರೆ ನನ್ನ ದನಿ ಬೇರೆ ಆಗತ್ತೆ. ನನಗೇ ಗೊತ್ತಾಗತ್ತೆ. ಊರವರಿಗೆ ಗೊತ್ತಾಗಲ್ವಾ? ಮಗಳನ್ನ ಮೆರೆಸ್ತಾನೆ ಅಂತಾರೆ."

"ಮೆರೆಸಿ ಅಂದ್ನಾ? ಇದಾಳೆ ಅಂತ ಹೇಳಿ ಅಂದೆ."

ಅವನು ಎದ್ದು ಕೈಕಾಲು ತೊಳೆಯಲು ಹೋದ. ಅವಳಿಗೂ ಜಗಳ ಮುಂದುವರಿಸಲು ತ್ರಾಣ ಇರಲಿಲ್ಲ. ಇಡೀ ದಿನ ನಿಂತ ಕಾಲು ಬಾತುಕೊಂಡಿತ್ತು. ಇಬ್ಬರೂ ಉಂಡು ಮಲಗಿದರು.

ಬೆಳಿಗ್ಗೆ ಮಗಳ ಫೋನು ಬಂತು. "ಅಪ್ಪ ಏನಂದ್ರಮ್ಮ ನನ್ನ ಬಗ್ಗೆ?"

"ಬಾಯ್ತುಂಬ ಹೊಗಳಿದ್ರು ಕಣೆ."

"ಸುಳ್ಳು ಹೇಳ್ಬೇಡಮ್ಮ. ನನ್ನ ರೂಮಿನವಳು ಕಾಮೆಂಟರಿ ರೆಕಾರ್ಡ್ ಮಾಡಿಟ್ಟಿದ್ಳು, ಪೂರ್ತಿ ಕೇಳಿದೆ. ಅಪ್ಪನ ಲೆಕ್ಕದಲ್ಲಿ ನಾನಿಲ್ಲ. ಇನ್ನು ರಜಕ್ಕೆ ಆ ಮನೆಗೆ ಯಾಕೆ ಬರ್ಲಿ ಹೇಳು?"

ಅಕ್ಕ ಫೋನು ಇಟ್ಟಳು. ಗಂಡನಿಗೆ ವಿಷಯ ತಿಳಿಸಿದಳು. ಅವನು ತಲೆಯಾಡಿಸಿ ಕೆಲಸಕ್ಕೆ ಹೋದ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿ ಮುಟ್ಟಿಸಿ ಅವಳಿಗೆ ಸಾಕುಸಾಕಾಗಿತ್ತು. ಬಟ್ಟೆಯಾದರೆ ಚೀಟಿ ಸಿಕ್ಕಿಸಿ ಅವರವರದು ಅವರವರಿಗೆ ಕೊಟ್ಟು ಕೈ ತೊಳೆದುಕೊಳ್ಳಬಹುದು.

ಎರಡನೆಯ ಪಂದ್ಯದ ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿವಿ ಕುರ್ಚಿಯಲ್ಲಿ ಮೆಕ್ಯಾನಿಕ್. ಅಕ್ಕ ಇಸ್ತ್ರಿಯ ಸ್ವಿಚ್ ಆರಿಸಿಟ್ಟು ಬರಿದೇ ಬೆಡ್‌ಶೀಟು ಮಡಚುತ್ತಿದ್ದಳು. ಕಿವಿಯೆಲ್ಲ ಹಿಂದಕ್ಕೆ. ಎದುರಾಳಿಗೆ ಎರಡು. ಮತ್ತೆ ಎದುರಾಳಿಗೆ ಎರಡು. ಅರ್ಧ ಆಟ ಮುಗಿಯಿತು, ಮಗಳ ಹೆಸರಿಲ್ಲ. ಮೆಕ್ಯಾನಿಕ್ ತನ್ನ ತೀರ್ಪು ಹೇಳಿ ಕೊನೆಗೆ, "ಹಾಕಿದವರ ಹೆಸರು ಹೇಳದೆ ಬಿಟ್ಟಿದ್ದೆಲ್ಲ ಅಕ್ಕನ ಮಗಳದು ಅಂತ ಸೇರಿಸ್ಕೊಂಡಿದೀನಿ" ಎಂದ. ನಗು ಎದ್ದಿತು. ಅಕ್ಕ ಅದೇ ಬೆಡ್‌ಶೀಟನ್ನು ಬಿಚ್ಚಿ ಮತ್ತೆ ಮಡಚಿದಳು.

ಆಟ ಮುಗಿಯುವ ಹೊತ್ತಿಗೆ ಊರಿನ ತಂಡ ಒಂದೇ ಪಾಯಿಂಟಿನಿಂದ ಮುಂದಿತ್ತು. ಅಷ್ಟರಲ್ಲಿ ಬೆಂಚಿನವರೆಲ್ಲ ಒಟ್ಟಿಗೆ ಕೂಗಿಕೊಂಡರು. ಯಾರೋ ಅಂಗಳದ ಅಂಚಿನುದ್ದಕ್ಕೂ ನುಗ್ಗಿ ಚೆಂಡನ್ನು ಬಾಸ್ಕೆಟ್‌ಗೆ ಹಾಕಿದ್ದಳು. ರೆಫರಿ ಎರಡು ಪಾಯಿಂಟ್ ಕೊಟ್ಟ. ಆಟ ಮುಗಿಯಿತು. ಊರು ಸೋತಿತು.

ಮೈಕಣ್ಣನ ದನಿ ಮಾತ್ರ ಬರಲಿಲ್ಲ. ಟಿವಿ ಕೆಟ್ಟಿತೇನೋ ಎಂದು ಯಾರೋ ಎದ್ದರು. ಆಮೇಲೆ ಅವನು ಮಾತಾಡಿದ. ಮಗಳ ಹೆಸರು ಹೇಳಿದ. ಶಾಲೆಯ ಹಾಜರಿಯಲ್ಲಿ ಕೂಗುವ ಹಾಗೆ, ಪೂರ್ತಿ ಹೆಸರು. ಅವಳ ಎಡಗಾಲು ಹೊರಗೆರೆಯನ್ನು ತುಳಿದಿತ್ತು, ರೆಫರಿ ಅದನ್ನು ನೋಡಲಿಲ್ಲ, ಆ ಬಾಸ್ಕೆಟ್ ಲೆಕ್ಕಕ್ಕೆ ಬರಬಾರದಿತ್ತು ಎಂದ. ಅವನೇ ಹೇಳಿದ ಹಾಗೆ ದನಿ ಬೇರೆಯಾಗಿತ್ತು.

ಅಂಗಡಿಯಲ್ಲಿ ಗದ್ದಲವೋ ಗದ್ದಲ. ಕಾಲು ಗೆರೆಗೆ ತಾಗಿದ್ದನ್ನು ಬೆಂಚಿನವರಲ್ಲಿ ಒಬ್ಬರೂ ಕಂಡಿರಲಿಲ್ಲ, ಕ್ಯಾಮೆರಾ ಇನ್ನೊಂದು ಬದಿಯಲ್ಲಿದ್ದುದರಿಂದ ಗೆರೆ ಕಾಣುತ್ತಿರಲಿಲ್ಲ. "ಹೆತ್ತ ಮಗಳು ಅಂತಲೂ ನೋಡ್ಲಿಲ್ಲ, ಇದಪ್ಪ ನ್ಯಾಯ" ಎಂದರು ಮೇಷ್ಟ್ರು. "ಎಂಥ ನ್ಯಾಯ ಸಾರ್! ನಮ್ಮವರು ಸೋತಿದ್ದಕ್ಕೆ ನೆಪ ಹುಡುಕ್ತಿದಾನೆ" ಎಂದ ಮೆಕ್ಯಾನಿಕ್. ಅಕ್ಕನಿಗೆ ಎರಡೂ ಬೇಡವಾಗಿತ್ತು. ಹೆಸರು ಹೇಳಲು ಇದೇ ಸಿಕ್ಕಿತೇ ಈ ಮನುಷ್ಯನಿಗೆ ಎಂದು ಬೆಡ್‌ಶೀಟನ್ನು ಮೇಜಿನ ಮೇಲೆ ಎಸೆದಳು. ಮಗಳು ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದುಕೊಂಡಳು.

ಮರುದಿನ ಅಂಗಡಿ ತೆರೆದು ಬಟ್ಟೆಗಳಿಗೆ ಚೀಟಿ ಸಿಕ್ಕಿಸುತ್ತಿದ್ದಾಗ ಫೋನು ಬಂತು.

"ಅಪ್ಪ ಏನಂದ್ರಮ್ಮ?"

ಸುಳ್ಳು ಹೇಳಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. "ನಿನ್ನ ಹೆಸರು ಹೇಳಿದ್ರು. ಗೆರೆ ತುಳಿದೆ ಅಂದ್ರು. ಎಡಗಾಲಂತೆ."

ಮಗಳು ಫೋನು ಇಟ್ಟಳೇನೋ ಎಂದು ಅಕ್ಕ ಕಿವಿಯಿಂದ ತೆಗೆದು ನೋಡಿದಳು. ಇಟ್ಟಿರಲಿಲ್ಲ.

"ನಿಜ ಅಮ್ಮ, ತುಳಿದಿದ್ದೆ" ಎಂದಳು ಮಗಳು. ಮೂಗು ಎಳೆದುಕೊಂಡಿದ್ದು ಕೇಳಿಸಿತು. "ರೆಫರಿ ನೋಡ್ಲಿಲ್ಲ. ನಮ್ಮ ಕೋಚ್ ನೋಡ್ಲಿಲ್ಲ. ಅಷ್ಟು ಜನದಲ್ಲಿ ಒಬ್ಬರೂ ನೋಡ್ಲಿಲ್ಲ ಅಂದ್ಕೊಂಡಿದ್ದೆ."

ಆಮೇಲೆ ಕೇಳಿದಳು, "ಅಪ್ಪ ಆಟ ಪೂರ್ತಿ ನನ್ನನ್ನೇ ನೋಡ್ತಿದ್ರಾ?"

ಅಕ್ಕ ಅಲ್ಲೇ ಇದ್ದ ಕಿವಿ ಕುರ್ಚಿಯ ಮೇಲೆ ಕೂತಳು.

"ರಜ ಯಾವತ್ತಿಂದ ನಿಂಗೆ?" ಎಂದಳು.