ಚಾವಡಿಯಲ್ಲಿ ಎಲೆ ಹಾಕಿದ ದಿನ

ಆ ಶನಿವಾರ ಅಕ್ಕ ಕೊಟ್ಟಾರದ ಆಫೀಸು ಮುಗಿಸಿ ಬರುವಾಗ ಕೈಯಲ್ಲೊಂದು ಪೆಟ್ಟಿಗೆ ಇತ್ತು. ನಂತೂರಿನಲ್ಲಿ ಬಸ್ಸು ಬದಲಿಸುವಾಗ ಯಾರೋ ತಳ್ಳಿದರಂತೆ. ಪೆಟ್ಟಿಗೆಗೆ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆಯೇ ಅವಳು ಚಪ್ಪಲಿ ಬಿಟ್ಟದ್ದು. ಒಳಗೆ ಚಿನ್ನದ ಬಣ್ಣದ ಅಂಚಿನ ಚಹಾ ಕಪ್ಪುಗಳಿದ್ದವು.

"ಇನ್ನೂ ಕಪ್ಪಾ? ಎಂತಕ್ಕೆ ಅಕ್ಕ?"

"ಯಾರಾದ್ರೂ ಬಂದ್ರೆ ಬೇಕಲ್ಲ."

"ಬಂದವರನ್ನು ಕೂರಿಸುವುದೆಲ್ಲಿ? ಶೋಕೇಸಿನ ಮೇಲಾ?"

"ನಿನ್ನ ಹೊಲಿಗೆ ಮಿಷನಿನ ಮೇಲೆ ಕೂರಿಸುವ," ಎಂದು ನಕ್ಕಳು.

ಬಂಗುಡೆ ಸಾರು ಬಿಸಿ ಮಾಡಿ ಇಬ್ಬರೂ ಅಡುಗೆಮನೆಯ ನೆಲದಲ್ಲಿ ಕೂತು ಉಂಡೆವು. ಶಕ್ತಿನಗರದ ನಮ್ಮ ಆ ಮನೆಯಲ್ಲಿ ಕಾಲು ಚಾಚುವಷ್ಟು ನೆಲ ಇದ್ದದ್ದು ಅಲ್ಲಿ ಮಾತ್ರ. ಮರುದಿನ ಬೆಳಿಗ್ಗೆ ಅಕ್ಕ ಬಚ್ಚಲುಮನೆಯಲ್ಲಿ ಕುಸಿದಳು. ನೆರೆಯವರೂ ನಾನೂ ಸೇರಿ ಆಸ್ಪತ್ರೆಗೆ ಒಯ್ದೆವು. ಅವಳು ಮತ್ತೆ ಕಣ್ಣು ತೆರೆಯಲಿಲ್ಲ.

ಅವಳನ್ನು ಮನೆಗೆ ತಂದಾಗ ಎದುರಿನ ಕೋಣೆಯಲ್ಲಿ, ಚಾವಡಿಯಲ್ಲಿ, ಮಲಗಿಸಲು ಜಾಗವಿರಲಿಲ್ಲ. ಪೆಟ್ಟಿಗೆಗಳನ್ನು ಪೇರಿಸಿಟ್ಟ ದೊಡ್ಡ ಸೋಫಾ, ಗಾಜಿನ ಟೀಪಾಯಿ, ಗೋಡೆಯುದ್ದದ ಶೋಕೇಸು, ಅಣ್ಣ ದುಬೈಯಿಂದ ಪ್ರತಿ ಸಲ ರಜೆಗೆ ಬರುವಾಗ ತಂದ ಡಿನ್ನರ್ ಸೆಟ್ಟುಗಳು, ಹುಲಿಯ ಚಿತ್ರದ ದಪ್ಪ ಕಂಬಳಿಗಳು. ಮಂಗಳೂರಿನ ಸೆಕೆಯಲ್ಲಿ ಆ ಕಂಬಳಿಯನ್ನು ಯಾರು ಹೊದೆಯುತ್ತಾರೆ? ಆದರೂ ಗಲ್ಫಿನಲ್ಲಿರುವ ಎಲ್ಲರೂ ಅದನ್ನು ತರುತ್ತಾರೆ, ಊರಲ್ಲಿರುವ ಎಲ್ಲರೂ ಅದನ್ನು ಜೋಪಾನವಾಗಿ ಇಡುತ್ತಾರೆ. ನೆರೆಯವರು ಸಾಮಾನು ಸರಿಸಲು ನೋಡಿ ಕೊನೆಗೆ ಕೈಬಿಟ್ಟರು. ಅಕ್ಕನನ್ನು ಅಂಗಳದಲ್ಲಿ ಶಾಮಿಯಾನದ ಕೆಳಗೆ ಮಲಗಿಸಿದೆವು. ಬೊಜ್ಜವನ್ನೂ, ಅಂದರೆ ಉತ್ತರಕ್ರಿಯೆಯನ್ನೂ, ಬಾಡಿಗೆಯ ಹಾಲ್‌ನಲ್ಲಿ ಮುಗಿಸಿದೆವು. ಮಾತಾಡಿಸಲು ಬಂದವರು ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎದ್ದು ಹೋದರು. ಬರುವವರಿಗಾಗಿಯೇ ಸಾಮಾನು ತುಂಬಿಸಿಟ್ಟ ಮನೆಯೊಳಗೆ ಯಾರೂ ಕಾಲಿಡಲಿಲ್ಲ.

ನಮ್ಮದು ಅಳಿಯಸಂತಾನ, ಕುಟುಂಬಕ್ಕೆ ಮನೆ ಎಂದರೆ ಹೆಣ್ಣುಮಕ್ಕಳ ಮನೆ. ಆಟಿಯಲ್ಲಿ, ಅಂದರೆ ಆಷಾಢದ ಮಳೆಯ ತಿಂಗಳಲ್ಲಿ, ತೀರಿಹೋದವರಿಗೆ ಬಡಿಸುವುದೂ ಅಲ್ಲಿಯೇ. ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಅವರು ಉಂಡರೆಂದು ತಿಳಿದು ಬಾಗಿಲು ತೆರೆದ ಮೇಲೆ ಎಲ್ಲರೂ ಒಟ್ಟಿಗೆ ಉಣ್ಣುವುದು. ಅಕ್ಕನಿಗೆ ಅದು ಮೊದಲ ಆಟಿ. ಅಣ್ಣ ಫೋನಿನಲ್ಲಿ ಹೇಳಿದ:

"ಅದನ್ನೂ ಹಾಲ್‌ನಲ್ಲಿ ಮಾಡುವ. ನಿನ್ನ ಚಾವಡಿಯಲ್ಲಿ ಬೆಕ್ಕು ತಿರುಗ್ಲಿಕ್ಕೆ ಜಾಗ ಇಲ್ಲ ಮಾರಾಯ್ತಿ. ಹೊರಗೆ ಮಾಡುವ ಅಂದ್ರೆ ಮಳೆ."

"ಅಕ್ಕನಿಗೆ ಆ ಹಾಲ್‌ನ ದಾರಿ ಗೊತ್ತುಂಟಾ ಅಣ್ಣ? ಅವಳು ಬರುವುದಾದ್ರೆ ಇಲ್ಲಿಗೇ ಬರ್ಬೇಕು."

"ಆಗುದಾದ್ರೆ ಮಾಡು," ಎಂದ. ಆಗಲಿಕ್ಕಿಲ್ಲ ಎಂದೇ ಅವನ ಲೆಕ್ಕ ಇದ್ದದ್ದು.

ನಾನು ಹೆಚ್ಚು ಓದಿದವಳಲ್ಲ. ಬ್ಲೌಸು ಹೊಲಿಯುತ್ತೇನೆ. ಬಟ್ಟೆ ಬಿಗಿಯಾದರೆ ಎಲ್ಲಿ ಬಿಚ್ಚಬೇಕೆಂದು ಮಾತ್ರ ಗೊತ್ತು. ಚಾವಡಿ ಖಾಲಿ ಮಾಡಲು ಕಂಬಳಿಗಳಿಂದ ಶುರು ಮಾಡಿದೆ. ಘಟ್ಟದ ಮೇಲಿನ ಊರಿಂದ ಬಂದು ಇಲ್ಲಿ ಕಟ್ಟಡದ ಕೆಲಸ ಮಾಡುವ ಒಂದು ಸಂಸಾರ ರಜೆಗೆ ಊರಿಗೆ ಹೊರಟಿತ್ತು. ಅಲ್ಲಿ ಚಳಿ ಉಂಟಂತೆ, ಸಂತೋಷದಿಂದ ಒಯ್ದರು. ಡಿನ್ನರ್ ಸೆಟ್ಟುಗಳು ಮದುವೆಯಾಗುವ ಹುಡುಗಿಯರ ಮನೆಗೆ ಹೋದವು. ಸೋಫಾ ಹೋಗುವ ದಿನ ಚಿಕ್ಕಮ್ಮ, ಅಮ್ಮನ ತಂಗಿ, ಬಂದರು.

"ಅವಳು ಹೋದದ್ದೇ ತಡ, ಅವಳ ಸಾಮಾನೂ ಹೊರಗಾ?" ಎಂದು ಬಾಗಿಲಲ್ಲೇ ನಿಂತು ಕೇಳಿದರು. "ನಾಳೆ ಅವಳ ಫೋಟೋವನ್ನೂ ಕೊಡ್ತೀಯ?"

ಆ ಮಾತು ನನಗೆ ನಾಟಿತು. ಒಳಗೆ ಹೋಗಿ ಚಿನ್ನದ ಅಂಚಿನ ಕಪ್ಪಿನಲ್ಲಿ ಚಹಾ ತಂದುಕೊಟ್ಟೆ. ಅವರು ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇಷ್ಟು ಒಳ್ಳೆ ಕಪ್ಪು ಇತ್ತಾ? ನನಗೆ ಯಾವತ್ತೂ ಸ್ಟೀಲ್ ಲೋಟವೇ ಕೊಟ್ಟದ್ದಲ್ವಾ ಅವಳು!"

"ಯಾರಾದ್ರೂ ಬಂದ್ರೆ ಅಂತ ಇಟ್ಟಿದ್ದಳು."

"ಹಾಗಾದ್ರೆ ನಾನು ಯಾರಂತೆ?"

ಇಬ್ಬರಿಗೂ ನಗು ಬಂತು. ನಗುತ್ತಾ ಅವರು ಅತ್ತರು, ನಾನೂ ಅತ್ತೆ. ಸೋಫಾವನ್ನು ಹೊರಗೆ ಸಾಗಿಸುವಾಗ ಒಂದು ತುದಿ ಹಿಡಿದದ್ದು ಅವರೇ.

ಶೋಕೇಸನ್ನೂ ಹೊರಗೆ ಸಾಗಿಸಿದ ದಿನ ಅದರ ಹಿಂದೆ ಕಿಟಕಿ ಸಿಕ್ಕಿತು. ಅಲ್ಲೊಂದು ಕಿಟಕಿ ಇದ್ದದ್ದೇ ನನಗೆ ಮರೆತುಹೋಗಿತ್ತು. ತುಕ್ಕು ಹಿಡಿದ ಚಿಲಕಕ್ಕೆ ಮಿಷನಿನ ಎಣ್ಣೆ ಬಿಟ್ಟು ಎಳೆದೆ. ಪಡುಗಾಳಿ ಒಳಗೆ ಬಂತು. ಬೆಳಕು ಕೆಂಪು ನೆಲದ ಮೇಲೆ ಅಡುಗೆಮನೆಯ ಹೊಸ್ತಿಲವರೆಗೆ ಬಿತ್ತು. ಅದೇ ನೆಲವನ್ನು ತೆಂಗಿನೆಣ್ಣೆಯ ಬಟ್ಟೆಯಲ್ಲಿ ತಿಕ್ಕಿದೆ. ಅಜ್ಜಿಯ ಕಾಲದ ಉದ್ದದ ಬೆಂಚನ್ನು ಕಿಟಕಿಯ ಕೆಳಗಿಟ್ಟೆ. ಅಕ್ಕನ ಹತ್ತಿ ಸೀರೆಯೊಂದನ್ನು ಕತ್ತರಿಸಿ ಪರದೆ ಹೊಲಿದೆ, ಉಳಿದದ್ದರಲ್ಲಿ ದಿಂಬಿನ ಚೀಲ. ಎರಡು ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದೆ. ಹಿತ್ತಾಳೆಯ ಚೆಂಬಿನಲ್ಲಿ ಅಂಗಳದ ಕೇಪಳ ಹೂವು. ಗೋಡೆಗೆ ಅಕ್ಕನ ಫೋಟೋ ಒಂದೇ. ಇನ್ನೇನಾದರೂ ಇಡಬೇಕೆಂದು ಕೈ ಹೋಗುತ್ತಿತ್ತು. ಇಡಲಿಲ್ಲ. ಆ ಚಾವಡಿ ಅಷ್ಟು ಚೆಂದ ಇರಬಹುದೆಂದು ನಾನು ಎಣಿಸಿರಲಿಲ್ಲ.

ಆಟಿಯ ಆ ದಿನ ಬೆಳಿಗ್ಗೆಯಿಂದಲೇ ಮಳೆ. ರಜೆ ಹಾಕಿ ಬಂದಿದ್ದ ಅಣ್ಣ, ಅತ್ತಿಗೆ, ಚಿಕ್ಕಮ್ಮ, ಅವರ ಮಕ್ಕಳು, ಮೊಮ್ಮಕ್ಕಳು, ಎಲ್ಲರೂ ಕೊಡೆಗಳನ್ನು ಹೊರಗೆ ಬಿಟ್ಟು ಒಳಗೆ ಬಂದರು. ಬಂದವರು ನಿಂತು ಸುತ್ತ ನೋಡಿದರು. "ಇದು ನಮ್ಮದೇ ಮನೆಯಾ?" ಎಂದ ಅಣ್ಣ. ಕಿಟಕಿಯ ಮುಂದೆ ಎಲೆ ಹಾಕಿ ಕೋಳಿ ಸಾರು, ರೊಟ್ಟಿ, ಅಕ್ಕನಿಗೆ ಪ್ರಾಣವಾಗಿದ್ದ ಒಣಮೀನಿನ ಚಟ್ನಿ ಬಡಿಸಿದೆವು. ಬಾಗಿಲು ಎಳೆದುಕೊಂಡು ಸಿಟೌಟಿನ ಜಗಲಿಯಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಸುಮ್ಮನೆ ನಿಂತೆವು.

ಆಮೇಲೆ ಬಾಗಿಲು ತೆರೆದು ಗೋಡೆಯ ಉದ್ದಕ್ಕೂ ಎಲೆ ಹಾಕಿದೆ. ಒಂದೇ ಪಂಕ್ತಿ. ಮಕ್ಕಳಿಂದ ಚಿಕ್ಕಮ್ಮನವರೆಗೆ ಎಲ್ಲರೂ ಕೂತರು, ನಡುವೆ ಬಡಿಸುತ್ತಾ ಓಡಾಡಲು ನನಗೂ ಜಾಗವಿತ್ತು. ಸಾರಿನ ಪಾತ್ರೆ ಹಿಡಿದು ಆ ಪಂಕ್ತಿಯ ತುದಿಯಲ್ಲಿ ನಿಂತಾಗ ನನಗೆ ಆದ ಹೆಮ್ಮೆ ಸಣ್ಣದಲ್ಲ. ಗೆದ್ದೆ ಎಂದೇ ಅನಿಸಿತು.

ಉಂಡು ಯಾರೂ ಏಳಲಿಲ್ಲ. ಮಕ್ಕಳು ನೆಲದಲ್ಲಿ ಉರುಳಾಡಿದರು. ಚಿಕ್ಕಮ್ಮ ಚಾಪೆ ಬಿಡಿಸಿ ಗೊರಕೆಯನ್ನೇ ಹೊಡೆದರು.

"ಹಾಲ್ ಆಗಿದ್ರೆ ಇಷ್ಟೊತ್ತಿಗೆ ವಾಚ್‌ಮನ್ ಬಂದು ಫ್ಯಾನ್ ಆಫ್ ಮಾಡ್ತಿದ್ದ," ಎಂದೆ.

ಬೆಂಚಿನಲ್ಲಿ ಅಡ್ಡಬಿದ್ದಿದ್ದ ಅಣ್ಣ, "ಆಯ್ತು ಮಾರಾಯ್ತಿ, ಸೋತೆ. ಇನ್ನು ಪ್ರತಿ ಆಟಿಗೂ ಇಲ್ಲಿಯೇ," ಎಂದ.

ಸಂಜೆ ಹೊರಡುವಾಗ ಒಬ್ಬೊಬ್ಬರೂ ಮನೆ ಚೆಂದ ಆಗಿದೆ ಎಂದು ಹೇಳಿಯೇ ಹೋದರು. ಅಕ್ಕ ಏನು ಹೇಳುತ್ತಿದ್ದಳೋ ನನಗೆ ಗೊತ್ತಿಲ್ಲ.